ಲಾ ಕಾಲೇಜಿನ ಲೀಗಲ್ ಏಡ್ ಕ್ಲಿನಿಕ್ ಊರವರ ಪರಿಸರ ಕೇಸಿಗೆ ಕೈ ಜೋಡಿಸೋದು ಹೇಗೆ

ನಮ್ಮ ದೇಶದ ಲಾ ಕಾಲೇಜುಗಳಲ್ಲಿ ಲೀಗಲ್ ಏಡ್ ಕ್ಲಿನಿಕ್ (ಉಚಿತ ಕಾನೂನು ನೆರವಿನ ಕೇಂದ್ರ) ಅಂತ ಒಂದು ಬೋರ್ಡ್ ಇರಲೇಬೇಕು, ಯಾಕಂದ್ರೆ ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ಲೀಗಲ್ ಎಜುಕೇಶನ್ ರೂಲ್ಸ್ ಅದನ್ನ ಕಡ್ಡಾಯ ಮಾಡಿದೆ. ಆದ್ರೆ ಆ ರೂಲ್ಸ್ ತೆಗೆದು ಒಂದ್ಸಲ ಓದಿ ನೋಡಿ, ಬರೀ ಕ್ಲಿನಿಕ್ ತೆರೀರಿ ಅಂತ ಹೇಳಿ ಬಿಟ್ಟಿಲ್ಲ, ಸೀನಿಯರ್ ಫ್ಯಾಕಲ್ಟಿ ಒಬ್ರು ಮೇಲ್ವಿಚಾರಣೆ ನೋಡ್ಕೋಬೇಕು, ಫೈನಲ್ ಇಯರ್ ಹುಡುಗ್ರು ನಡೆಸ್ಬೇಕು, ಕಾನೂನು ಸೇವಾ ಪ್ರಾಧಿಕಾರದ ಜೊತೆ, ಸ್ವಂತ ಇಚ್ಛೆಯಿಂದ ಬರೋ ವಕೀಲರ ಜೊತೆ, ಆ ಭಾಗದಲ್ಲಿ ಕೆಲಸ ಮಾಡೋ ಎನ್‌ಜಿಒಗಳ ಜೊತೆ ಸೇರ್ಕೊಂಡು ನಡೆಸ್ಬೇಕು ಅಂತಿದೆ. 1987ರ ಲೀಗಲ್ ಸರ್ವಿಸಸ್ ಅಥಾರಿಟೀಸ್ ಆಕ್ಟಿನ 4ನೇ ಸೆಕ್ಷನ್ನಲ್ಲೂ ಎರಡು ಮಾತಿದೆ, ಒಂದು ಕಡೆ ಪರಿಸರ ರಕ್ಷಣೆಗೆ ಸಾಮಾಜಿಕ ನ್ಯಾಯದ ದಾವೆ ನಡೆಸೋದು, ಇನ್ನೊಂದು ಕಡೆ ಲಾ ಕಾಲೇಜುಗಳ ಕ್ಲಿನಿಕ್‌ಗಳಿಗೆ ಮಾರ್ಗದರ್ಶನ ಕೊಡೋದು, ಎರಡೂ ಪ್ರಾಧಿಕಾರದ ಕೆಲಸ. ಪ್ರಿನ್ಸಿಪಾಲರ ಹತ್ರ ಪರ್ಮಿಷನ್ ಕೇಳೋಕೆ ಹೋಗುವಾಗ ಈ ಎರಡು ಪೇಜಿನ ಜೆರಾಕ್ಸ್ ಕೈಯಲ್ಲಿರಲಿ, ಇದು ಎಕ್ಸ್ಟ್ರಾ ಕೆಲಸ ಅನ್ನೋ ಮಾತು ಅಲ್ಲಿಗೇ ನಿಲ್ಲತ್ತೆ.

ಇಷ್ಟೆಲ್ಲಾ ಇದ್ರೂ ಎಷ್ಟೋ ಕಡೆ ಕ್ಲಿನಿಕ್ ಅಂದ್ರೆ ವರ್ಷಕ್ಕೊಂದು ಕಾನೂನು ಅರಿವು ಶಿಬಿರ, ಒಂದು ಬ್ಯಾನರು, ಒಂದು ಗ್ರೂಪ್ ಫೋಟೋ, ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್ ಸಂಸ್ಥೆಯ ಫೈಲಿಗೆ ಒಂದು ರಿಪೋರ್ಟು, ಅಷ್ಟೇ. ಕ್ರಷರ್ ಧೂಳಲ್ಲಿ ಬದುಕೋ ಊರಿಗೆ ಅದ್ರಿಂದ ಏನೂ ಸಿಗಲ್ಲ. ಹಾಗಂತ ಒಂದೇ ಸಲ ಕೇಸ್ ಹಾಕ್ಬಿಡೋಣ ಅಂತ ಹೊರಡೋ ಉತ್ಸಾಹಾನೂ ಅಷ್ಟೇ ಅಪಾಯ, ಕೇಸ್ ನಾಲ್ಕು ವರ್ಷ ನಡೆಯತ್ತೆ, ಸೆಮಿಸ್ಟರ್ ನಾಲ್ಕು ತಿಂಗಳಿಗೆ ಮುಗಿಯತ್ತೆ, ಎಕ್ಸಾಮ್ ಬಂತು ಅಂದ ತಕ್ಷಣ ಹುಡುಗ್ರು ಮಾಯ, ಊರವರು ಫೋನ್ ಮಾಡ್ತಾನೇ ಇರ್ತಾರೆ. ಈ ಎರಡು ಕ್ಯಾಲೆಂಡರ್ ಹೊಂದೋ ಹಾಗೆ ಕೆಲಸ ಜೋಡಿಸ್ಕೊಂಡ್ರೆ ಪಾರ್ಟ್ನರ್‌ಶಿಪ್ ಉಳಿಯತ್ತೆ, ಇಲ್ಲಾಂದ್ರೆ ಎಂಥ ಒಳ್ಳೆ ಮನಸ್ಸಿದ್ರೂ ಮುರಿದು ಹೋಗತ್ತೆ. ಕೆಳಗೆ ಬರೆದಿರೋದೆಲ್ಲಾ ಇದರ ಸುತ್ತಾನೇ ಇದೆ.

ಯಾರ ಜೊತೆ ಸೇರ್ಬೇಕು

ಹೊಸ ಸಂಘಟನೆ ಕಟ್ಟೋಕೆ ಹೋಗ್ಬೇಡಿ. ಈಗಾಗ್ಲೇ ಡಿಸಿ ಆಫೀಸಿಗೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ, ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಅರ್ಜಿ ಹಿಡ್ಕೊಂಡು ಓಡಾಡ್ತಿರೋ ಜನ ಎಲ್ಲಾ ಜಿಲ್ಲೆಲೂ ಇರ್ತಾರೆ, ಅವ್ರನ್ನ ಹುಡುಕಿ. ಕೆರೆ ಉಳಿಸೋ ಸಮಿತಿ ಇರ್ಬಹುದು, ಮೀನುಗಾರರ ಸಂಘ ಇರ್ಬಹುದು, ರೈತರ ಗುಂಪು ಇರ್ಬಹುದು, ಇಲ್ಲಾ ಪರಿಸರದ ಕೇಸುಗಳನ್ನೇ ನೋಡೋ ಒಬ್ರು ವಕೀಲರಿರ್ಬಹುದು. ಬೆಂಗಳೂರಿನ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ 2008ರಲ್ಲಿ ಕರ್ನಾಟಕ ಹೈಕೋರ್ಟಲ್ಲಿ ಕೆರೆಗಳ ಬಗ್ಗೆ ಹಾಕಿದ ಪಿಐಎಲ್ ವರ್ಷಗಟ್ಟಲೆ ನಡೀತು, ಅಂಥ ಕೇಸಿಗೆ ಎಷ್ಟು ದಾಖಲೆ, ಎಷ್ಟು ಸಲ ಸ್ಥಳ ಪರಿಶೀಲನೆ, ಎಷ್ಟು ಕಾಗದ ಬೇಕಾಗತ್ತೆ ಅಂತ ಯೋಚನೆ ಮಾಡಿ. ಉತ್ತರ ಕನ್ನಡದ ಕರಾವಳೀಲಿ ಸಿಪಿಆರ್ (ಸೆಂಟರ್ ಫಾರ್ ಪಾಲಿಸಿ ರಿಸರ್ಚ್) ಮತ್ತೆ ನಮತಿ ಅನ್ನೋ ಸಂಸ್ಥೆಗಳ ಜಂಟಿ ಕಾರ್ಯಕ್ರಮದವ್ರು ಬೇರೆ ದಾರಿ ಹಿಡಿದಿದ್ರು, ಊರವರಲ್ಲೇ ಕೆಲವ್ರಿಗೆ ಕಾನೂನು ಟ್ರೈನಿಂಗ್ ಕೊಟ್ಟು, ಕೋರ್ಟಿಗೆ ಹೋಗೋಕ್ಕಿಂತ ಮುಂಚೆ ಇಲಾಖೆಗಳ ಮಟ್ಟದಲ್ಲೇ ಪರಿಹಾರ ಹುಡುಕೋದು. ಕಾಲೇಜ್ ಕ್ಲಿನಿಕ್‌ಗೆ ಈ ಎರಡನೇ ದಾರೀನೇ ಜಾಸ್ತಿ ಹೊಂದತ್ತೆ ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಒಂದು ಅರ್ಜಿ, ಅದರ ಉತ್ತರ, ಅದರ ಮೇಲೆ ಮೊದಲ ಅಪೀಲು, ಇಷ್ಟು ಒಂದು ಸೆಮಿಸ್ಟರ್ ಒಳಗೆ ಕಣ್ಣಿಗೆ ಕಾಣೋ ಹಾಗೆ ಮುಗಿಯತ್ತೆ.

ಮೊದಲ ಮೀಟಿಂಗಿಗೆ ಪ್ರಪೋಸಲ್ ರೆಡಿ ಮಾಡ್ಕೊಂಡು ಹೋಗ್ಬೇಡಿ. ಅವ್ರಿಗೆ ಯಾವ ಕೆಲಸಕ್ಕೆ ಜನ ಸಾಲ್ತಿಲ್ಲ ಅಂತ ಕೇಳಿ. ರಿಸರ್ಚ್ ಪೇಪರ್ ಬೇಕು ಅಂತ ಯಾರೂ ಹೇಳಲ್ಲ. ಇಂಗ್ಲಿಷಲ್ಲಿರೋ ನೂರಾರು ಪುಟದ ಇಐಎ (ಯೋಜನೆಯಿಂದ ಪರಿಸರಕ್ಕೆ ಆಗೋ ಪರಿಣಾಮದ ಅಧ್ಯಯನ) ರಿಪೋರ್ಟ್ ಓದಿ ನಮ್ಮೂರಿನ ಬಗ್ಗೆ ಏನು ಬರ್ದಿದ್ದಾರೆ ಹೇಳಿ, ಐದು ವರ್ಷದಿಂದ ಕೊಟ್ಟಿರೋ ಅರ್ಜಿಗಳನ್ನ ತಾರೀಕಿನ ಪ್ರಕಾರ ಜೋಡಿಸಿ ಕೊಡಿ, ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) ಆದೇಶ ಕನ್ನಡದಲ್ಲಿ ಮಾಡಿ ಕೊಡಿ, ಇಂಥದ್ದನ್ನೇ ಕೇಳ್ತಾರೆ. ಇದು ಸಣ್ಣ ಕೆಲಸ ಅಂದ್ಕೋಬೇಡಿ. ತಾರೀಕಿನ ಪಟ್ಟಿ ಸರಿಯಾಗಿಲ್ದೆ ಬಿದ್ದು ಹೋಗಿರೋ ಕೇಸುಗಳು ಬೇಕಾದಷ್ಟಿವೆ.

ಒಪ್ಪಂದದಲ್ಲಿ ಏನಿರ್ಬೇಕು

ಎಂಒಯು ಅಂತ ಹತ್ತು ಪುಟ ಬೇಡ, ಎರಡು ಪುಟ ಸಾಕು, ಆದ್ರೆ ಕನ್ನಡದಲ್ಲೂ ಒಂದು ಪ್ರತಿ ಇರಲಿ, ಊರವರು ಓದಿ ಒಪ್ಕೊಂಡಿರಲಿ. ಅದ್ರಲ್ಲಿ ಕ್ಲೈಂಟ್ ಯಾರು ಅನ್ನೋದು ಮೊದ್ಲು ಬರ್ಬೇಕು. ಎನ್‌ಜಿಒನಾ, ಊರಿನ ಸಮಿತೀನಾ, ಇಲ್ಲಾ ಬೋರ್‌ವೆಲ್ ಕೆಟ್ಟಿರೋ ಆ ನಾಲ್ಕು ಮನೆಯವ್ರಾ? ಇದು ಮೊದಲೇ ಇತ್ಯರ್ಥ ಆಗದೇ ಹೋದ್ರೆ ಮುಂದೆ ಕಂಪನಿ ಕಡೆಯವ್ರು ರಾಜಿ ಮಾತಿಗೆ ಬಂದಾಗ ಹೂಂ ಅನ್ನೋರು ಯಾರು ಅಂತ ಗೊತ್ತಾಗಲ್ಲ. ತೀರ್ಮಾನ ಯಾವತ್ತೂ ತೊಂದರೆ ಅನುಭವಿಸೋ ಜನರದ್ದೇ, ಕ್ಲಿನಿಕ್‌ದೂ ಅಲ್ಲ, ಎನ್‌ಜಿಒದೂ ಅಲ್ಲ. ಫ್ಯಾಕ್ಟರಿ ಮುಚ್ಚಿಸ್ಬೇಕು ಅಂತ ನಮ್ಗೆ ಅನ್ಸಬಹುದು, ಆದ್ರೆ ಅದೇ ಊರಿನ ಮೂವತ್ತು ಮನೆ ಅದೇ ಫ್ಯಾಕ್ಟರಿ ಸಂಬಳದಲ್ಲಿ ನಡೀತಿದ್ರೆ ಅವ್ರಿಗೆ ಬೇಕಾಗಿರೋದು ಕೊಳಕು ನೀರು ಶುದ್ಧ ಮಾಡೋ ಎಫ್ಲುಯೆಂಟ್ ಟ್ರೀಟ್ಮೆಂಟ್ ಪ್ಲಾಂಟ್ ಸರಿಯಾಗಿ ಓಡೋದು ಅಷ್ಟೇ ಇರ್ಬಹುದು.

ಆಮೇಲೆ ಸಹಿ ಯಾರದ್ದು ಅನ್ನೋದು. 1961ರ ಅಡ್ವೊಕೇಟ್ಸ್ ಆಕ್ಟ್ ಪ್ರಕಾರ ಎನ್ರೋಲ್ ಆದ ವಕೀಲರು ಮಾತ್ರ ಪ್ರಾಕ್ಟೀಸ್ ಮಾಡ್ಬಹುದು, 32ನೇ ಸೆಕ್ಷನ್ ಕೆಳಗೆ ನಿರ್ದಿಷ್ಟ ಕೇಸಲ್ಲಿ ಬೇರೆಯವ್ರಿಗೆ ಕೋರ್ಟ್ ಅನುಮತಿ ಕೊಡ್ಬಹುದು ನಿಜ, ಆದ್ರೆ ಅದನ್ನ ನಂಬ್ಕೊಂಡು ಪ್ಲ್ಯಾನ್ ಮಾಡೋ ಹಾಗಿಲ್ಲ. ಪೂರ್ಣಾವಧಿ ಸಂಬಳದ ಕೆಲಸದಲ್ಲಿರೋ ಮೇಷ್ಟ್ರುಗಳು ಕೂಡ ಸಾಮಾನ್ಯವಾಗಿ ವಕಾಲತ್ತು ಹಾಕೋ ಸ್ಥಿತೀಲಿ ಇರಲ್ಲ. ಹಾಗಾಗಿ ವಕಾಲತ್ತಿಗೆ ಸಹಿ ಹಾಕೋ ಒಬ್ರು ವಕೀಲರು ಮೊದಲ ದಿನದಿಂದ ಇರ್ಬೇಕು, ಸ್ಟೂಡೆಂಟ್ಸ್ ಆ ವಕೀಲರ ಕೈಕೆಳಗೆ ಕೆಲಸ ಮಾಡ್ತಿದ್ದಾರೆ ಅಂತ ಬರವಣಿಗೇಲಿ ಇರ್ಬೇಕು. ಗೌಪ್ಯತೆಗೂ ಇದು ಬೇಕು: ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಸೆಕ್ಷನ್ ಕೊಡೋ ರಕ್ಷಣೆ ವಕೀಲರಿಗೆ, ಅವ್ರ ಗುಮಾಸ್ತರು, ನೌಕರರು, ದುಭಾಷಿಗಳಿಗೆ ಇದೆ, ಸುಮ್ನೆ ಬಂದು ಹೋಗೋ ಸ್ಟೂಡೆಂಟ್‌ಗೆ ಇದೆ ಅಂತ ಧೈರ್ಯವಾಗಿ ಹೇಳೋಕಾಗಲ್ಲ. ಊರವರು ಹೇಳಿದ್ದು ಕ್ಲಾಸ್ ವಾಟ್ಸಾಪ್ ಗ್ರೂಪಿಗೆ ಹೋಗ್ಬಾರ್ದು, ಇನ್‌ಸ್ಟಾಗ್ರಾಂ ಸ್ಟೋರಿಗೆ ಅಂತೂ ಹೋಗ್ಲೇಬಾರ್ದು.

ಕಾನ್ಫ್ಲಿಕ್ಟ್ ಚೆಕ್, ಅಂದ್ರೆ ನಮ್ಮವ್ರ ಹಿತಾಸಕ್ತಿ ಎದುರು ಕಡೆ ಇದ್ಯಾ ಅಂತ ನೋಡೋದನ್ನ ಕಾಲೇಜುಗಳಲ್ಲಿ ಯಾರೂ ಮಾಡಲ್ಲ, ದಯವಿಟ್ಟು ಮಾಡಿ. ಕಾಲೇಜಿನ ಟ್ರಸ್ಟಿಗಳಲ್ಲಿ ಯಾರದ್ದಾದ್ರೂ ಕ್ವಾರಿ ಇದ್ಯಾ, ಲೇಔಟ್ ಇದ್ಯಾ, ಆ ಕಂಪನಿಯಿಂದ ಸಿಎಸ್ಆರ್ ದುಡ್ಡು ಬರ್ತಾ ಇದ್ಯಾ, ಸ್ಟೂಡೆಂಟ್ ಮನೆಯವ್ರು ಯಾರಾದ್ರೂ ಆ ಇಲಾಖೇಲಿ ಇದ್ದಾರಾ, ಮೊದಲೇ ಕೇಳಿ ಬರ್ಕೊಳ್ಳಿ. ಒತ್ತಡ ಬರತ್ತೆ ಅಂತಾನೇ ಅಂದ್ಕೊಂಡು ತಯಾರಾಗಿ. ಅಮೆರಿಕದ ಲೂಯಿಸಿಯಾನಾದಲ್ಲಿ ಟುಲೇನ್ ಯೂನಿವರ್ಸಿಟಿಯ ಎನ್ವಿರಾನ್ಮೆಂಟಲ್ ಲಾ ಕ್ಲಿನಿಕ್, ಕಾನ್ವೆಂಟ್ ಅನ್ನೋ ಊರಿನ ಜನರ ಪರವಾಗಿ ಶಿನ್‌ಟೆಕ್ ಕಂಪನಿಯ ಪ್ಲಾಸ್ಟಿಕ್ ಕಾರ್ಖಾನೆ ವಿರುದ್ಧ ನಿಂತಿತ್ತು. ಆಗ ಅಲ್ಲಿನ ಗವರ್ನರೇ ಯೂನಿವರ್ಸಿಟಿ ಮೇಲೆ ಹರಿಹಾಯ್ದ್ರು, 1998ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಸ್ಟೂಡೆಂಟ್ಸ್ ಯಾರ್ಯಾರ ಪರ ಕೆಲಸ ಮಾಡ್ಬಹುದು ಅನ್ನೋ ರೂಲನ್ನೇ ಬಿಗಿ ಮಾಡ್ತು. ಕಂಪನಿ ಅದೇ ವರ್ಷ ಆ ಜಾಗ ಬಿಟ್ಟು ಹೋಯ್ತು, ಅದು ಬೇರೆ ಮಾತು. ಇದನ್ನ ಹೇಳಿದ್ದು ಹೆದರಿಸೋಕಲ್ಲ, ಮ್ಯಾನೇಜ್‌ಮೆಂಟಿಗೆ ಫೋನ್ ಬಂದಾಗ ಯಾರು ಮಾತಾಡ್ತಾರೆ, ಏನು ಹೇಳ್ತಾರೆ, ಕಾಲೇಜು ಹಿಂದೆ ಸರಿದ್ರೆ ಫೈಲ್ ಎಷ್ಟು ದಿನದಲ್ಲಿ ವಕೀಲರ ಕೈ ಸೇರ್ಬೇಕು ಅಂತ ಒಪ್ಪಂದದಲ್ಲೇ ಬರ್ದಿಟ್ಕೊಳ್ಳಿ ಅಂತ.

ಓಡಾಟದ ಖರ್ಚು ಯಾರದ್ದು ಅಂತಾನೂ ಬರೀರಿ. ಹುಡುಗ್ರು ಜೇಬಿಂದ ಬಸ್ ಚಾರ್ಜ್ ಹಾಕ್ಕೊಂಡು ಹೋಗೋ ಕ್ಲಿನಿಕ್‌ನಲ್ಲಿ ಕೊನೆಗೆ ದುಡ್ಡಿರೋರ ಮಕ್ಕಳು ಮಾತ್ರ ಉಳೀತಾರೆ.

ತಾರೀಕುಗಳು

ಯಾವ ವಿಷಯ ಬಂದ್ರೂ ಮೊದಲ ದಿನ ಮಾಡ್ಬೇಕಾದ ಕೆಲಸ ಒಂದೇ, ಲಿಮಿಟೇಶನ್ ಲೆಕ್ಕ, ಅಂದ್ರೆ ಕೇಸ್ ಹಾಕೋಕೆ ಕಾನೂನು ಎಷ್ಟು ದಿನ ಕೊಟ್ಟಿದೆ ಅನ್ನೋದು. 2010ರ ಎನ್‌ಜಿಟಿ ಆಕ್ಟಿನ 14ನೇ ಸೆಕ್ಷನ್ ಕೆಳಗೆ ಅರ್ಜಿ ಹಾಕೋಕೆ ದಾವೆಯ ಕಾರಣ ಮೊದಲು ಹುಟ್ಟಿದ ದಿನದಿಂದ 6 ತಿಂಗಳು, ಸಕಾರಣ ತೋರಿಸಿದ್ರೆ ಇನ್ನೊಂದು 60 ದಿನ. ಪರಿಹಾರ, ಪುನಃಸ್ಥಾಪನೆ ಕೇಳೋ 15ನೇ ಸೆಕ್ಷನ್ನಿಗೆ 5 ವರ್ಷ. ಯೋಜನೆಗೆ ಎನ್ವಿರಾನ್ಮೆಂಟಲ್ ಕ್ಲಿಯರೆನ್ಸ್ (ಪರಿಸರ ಅನುಮತಿ) ಕೊಟ್ಟ ಆದೇಶದ ಮೇಲೆ 16ನೇ ಸೆಕ್ಷನ್ ಅಪೀಲಿಗೆ ಬರೀ 30 ದಿನ, ಅದರ ಮೇಲೆ ಹೆಚ್ಚಂದ್ರೆ 60 ದಿನ, ಅಷ್ಟೂ ದಾಟಿದ್ರೆ ಟ್ರಿಬ್ಯೂನಲ್ಲಿಗೇ ತಗೊಳ್ಳೋ ಅಧಿಕಾರ ಇಲ್ಲ. ಈಗ ಇದನ್ನ ಕಾಲೇಜಿನ ಕ್ಯಾಲೆಂಡರ್ ಪಕ್ಕ ಇಡಿ: ಏಪ್ರಿಲ್ ಕೊನೇಲಿ ಕ್ಲಿಯರೆನ್ಸ್ ಆಗತ್ತೆ, ಮೇನಲ್ಲಿ ಎಕ್ಸಾಮ್, ಜೂನ್‌ನಲ್ಲಿ ರಜ, ಜುಲೈನಲ್ಲಿ ಕ್ಲಿನಿಕ್ ಬಾಗಿಲು ತೆಗೆಯೋಷ್ಟರಲ್ಲಿ 90 ದಿನ ಮುಗೀತಾ ಬಂದಿರತ್ತೆ. ಅದಕ್ಕೇ ಇಂಥ ಕ್ಲಿಯರೆನ್ಸ್‌ಗಳು ಸಿಗೋ ಸರ್ಕಾರದ ಪರಿವೇಶ್ ಪೋರ್ಟಲ್ಲನ್ನ ವಾರಕ್ಕೊಂದ್ಸಲ ನೋಡೋ ಕೆಲಸಾನ ರಜದಲ್ಲೂ ಇಬ್ಬರಿಗೆ ಹಂಚಿರ್ಬೇಕು, ಹಾಸ್ಟೆಲ್ ಬಿಟ್ಟು ಊರಿಗೆ ಹೋದ್ರೂ ಫೋನಲ್ಲೇ ಮಾಡೋ ಕೆಲಸ ಅದು.

ಎನ್‌ಜಿಟಿ ಎಲ್ಲದಕ್ಕೂ ಬರಲ್ಲ ಅನ್ನೋದೂ ಗೊತ್ತಿರ್ಲಿ. ಆಕ್ಟಿನ ಮೊದಲ ಶೆಡ್ಯೂಲಲ್ಲಿ ಜಲ, ವಾಯು, ಅರಣ್ಯ ಸಂರಕ್ಷಣೆ, ಪರಿಸರ ಸಂರಕ್ಷಣೆ, ಜೀವವೈವಿಧ್ಯ ಇಂಥ ಕಾಯ್ದೆಗಳಿವೆ, ಆದ್ರೆ 1972ರ ವನ್ಯಜೀವಿ ಕಾಯ್ದೆ ಇಲ್ಲ, 2006ರ ಅರಣ್ಯ ಹಕ್ಕು ಕಾಯ್ದೆನೂ ಇಲ್ಲ. ಅರಣ್ಯ ಹಕ್ಕಿನ ವಿಷಯ ಆದ್ರೆ ಗ್ರಾಮಸಭೆ, ಅರಣ್ಯ ಹಕ್ಕು ಸಮಿತಿ, ಬೇಕಾದ್ರೆ ಹೈಕೋರ್ಟ್, ಆ ದಾರೀಲೇ ಹೋಗ್ಬೇಕು. ನಮ್ಮ ರಾಜ್ಯಕ್ಕೆ ಎನ್‌ಜಿಟಿಯ ದಕ್ಷಿಣ ವಲಯ ಪೀಠ ಇರೋದು ಚೆನ್ನೈನಲ್ಲಿ, ಪರಿಹಾರ ಕೇಳದೇ ಇರೋ ಅರ್ಜಿಗೆ ಫೀಸ್ 1,000 ರೂಪಾಯಿ, ಅಂದ್ರೆ ದುಡ್ಡಿಗಿಂತ ಜಾಸ್ತಿ ಅಡ್ಡಿ ಆಗೋದು ದೂರ, ಭಾಷೆ ಮತ್ತೆ ಕಾಗದ. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವ್ರು, ಕಾರ್ಖಾನೆ ಕಾರ್ಮಿಕರು, ಕೈಗಾರಿಕಾ ದುರಂತಕ್ಕೆ ಸಿಕ್ಕಿದವ್ರು, ಇವ್ರಿಗೆಲ್ಲಾ ಲೀಗಲ್ ಸರ್ವಿಸಸ್ ಅಥಾರಿಟೀಸ್ ಆಕ್ಟಿನ 12ನೇ ಸೆಕ್ಷನ್ ಪ್ರಕಾರ ಉಚಿತ ಕಾನೂನು ನೆರವು ಪಡೆಯೋ ಹಕ್ಕಿದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ತುಂಬಿ ಕೊಡೋ ಕೆಲಸ ಕ್ಲಿನಿಕ್ ಆರಾಮಾಗಿ ಮಾಡ್ಬಹುದು.

ಪಬ್ಲಿಕ್ ಹಿಯರಿಂಗ್

ಒಂದೇ ಒಂದು ಕೆಲಸ ಮಾಡೋಕೆ ಶಕ್ತಿ ಇದೆ ಅನ್ನೋ ಕ್ಲಿನಿಕ್ ಇದ್ರೆ ಪಬ್ಲಿಕ್ ಹಿಯರಿಂಗ್, ಅಂದ್ರೆ ಯೋಜನೆ ಬಗ್ಗೆ ಊರವರ ಅಹವಾಲು ಕೇಳೋ ಸಭೆ, ತಗೊಳ್ಳಿ. 2006ರ ಸೆಪ್ಟೆಂಬರ್ 14ರ ಇಐಎ ನೋಟಿಫಿಕೇಶನ್ ಪ್ರಕಾರ ಹಿಯರಿಂಗಿಗೆ ಕನಿಷ್ಠ 30 ದಿನ ಮುಂಚೆ ನೋಟಿಸ್ ಬರ್ಬೇಕು, ಒಂದು ರಾಷ್ಟ್ರೀಯ ಪತ್ರಿಕೆ, ಒಂದು ಪ್ರಾದೇಶಿಕ ಭಾಷೆ ಪತ್ರಿಕೇಲಿ. ಕರಡು ಇಐಎ ರಿಪೋರ್ಟ್ ಡಿಸಿ ಆಫೀಸು, ಜಿಲ್ಲಾ ಪಂಚಾಯತಿ, ಜಿಲ್ಲಾ ಕೈಗಾರಿಕಾ ಕೇಂದ್ರದಂಥ ಕಡೆ ಜನರಿಗೆ ಸಿಗ್ಬೇಕು, ಸಾರಾಂಶ ಸ್ಥಳೀಯ ಭಾಷೇಲೂ ಇರ್ಬೇಕು. ಈ 30 ದಿನಾನೇ ಕ್ಲಿನಿಕ್‌ಗೆ ಹೇಳಿ ಮಾಡಿಸಿದ ಅವಧಿ, ಶುರು ಕೊನೆ ಎರಡೂ ಗೊತ್ತಿರತ್ತೆ, ಯಾವ ಸೆಮಿಸ್ಟರ್ ಒಳಗೂ ಕೂರತ್ತೆ.

ಮೊದಲ ವಾರ ರಿಪೋರ್ಟ್ ತರಿಸಿ, ಅಧ್ಯಾಯ ಅಧ್ಯಾಯ ಹಂಚ್ಕೊಂಡು ಓದಿ. ಸ್ಥಳೀಯ ಹಳ್ಳದ ಹೆಸರು, ಬೋರ್‌ವೆಲ್ ಆಳ, ಶಾಲೆ ಎಷ್ಟು ದೂರ, ಯಾವ ತಿಂಗಳು ಗಾಳಿ ನೀರಿನ ಡೇಟಾ ತಗೊಂಡಿದ್ದಾರೆ, ಇವುಗಳನ್ನ ಬೇರೆ ಪಟ್ಟಿ ಮಾಡಿ, ಯಾಕಂದ್ರೆ ತಪ್ಪುಗಳು ಅಲ್ಲೇ ಸಿಗೋದು, ಬೇರೆ ಜಿಲ್ಲೆಯ ರಿಪೋರ್ಟಿಂದ ಕಾಪಿ ಮಾಡಿದ ಪ್ಯಾರಾ ಇದ್ರೂ ಅಲ್ಲೇ ಸಿಕ್ಕಿಬೀಳತ್ತೆ. ಆ ಪಟ್ಟಿ ಹಿಡ್ಕೊಂಡು ಎರಡನೇ ವಾರ ಊರಿಗೆ ಹೋಗಿ, ಒಂದೊಂದೇ ಓದಿ ಹೇಳಿ, ಇದು ಹೌದಾ ಅಂತ ಕೇಳಿ. ಬೇಸಿಗೇಲೂ ಹರಿಯೋ ಹಳ್ಳಾನ ರಿಪೋರ್ಟಲ್ಲಿ ಮಳೆಗಾಲದ ತೊರೆ ಅಂತ ಬರ್ದಿದ್ರೆ ಅದನ್ನ ಹಿಡಿಯೋದು ಅಲ್ಲಿ ದಿನಾ ದನ ಕಾಯೋರೇ, ಲೈಬ್ರರೀಲಿ ಕೂತ ಯಾರಿಗೂ ಅದು ಗೊತ್ತಾಗಲ್ಲ. ಮೂರನೇ ವಾರ ಲಿಖಿತ ಆಕ್ಷೇಪಣೆ ತಯಾರಾಗ್ಲಿ, ಎಲ್ಲರಿಗೂ ಒಂದೇ ಮಾದರಿ ಜೆರಾಕ್ಸ್ ಬೇಡ, ಒಬ್ಬೊಬ್ರದ್ದೂ ಅವರವರ ಜಮೀನು, ನೀರು, ಕೆಲಸದ ಬಗ್ಗೆ ಇರಲಿ, ಸ್ವೀಕೃತಿ ಸೀಲ್ ಹಾಕಿಸ್ಕೊಂಡೇ ಬನ್ನಿ.

ಹಿಯರಿಂಗ್ ದಿನ ಸ್ಟೂಡೆಂಟ್ಸ್ ಮೈಕ್ ಹಿಡಿಯೋಕೆ ಹೋಗ್ಬಾರ್ದು ಅಂತ ನಾನು ಗಟ್ಟಿಯಾಗೇ ಹೇಳ್ತೀನಿ, ಹೊರಗಿನವ್ರು ಬಂದು ಎತ್ತಿಕಟ್ತಿದ್ದಾರೆ ಅನ್ನೋ ಮಾತಿಗೆ ಅದು ದಾರಿ ಮಾಡತ್ತೆ, ಜೊತೆಗೆ ಮಾತಾಡ್ಬೇಕಾದ ಅಜ್ಜಿಯ ಸಮಯಾನೂ ತಿನ್ನತ್ತೆ. ಹುಡುಗ್ರ ಕೆಲಸ ಬರ್ಕೊಳ್ಳೋದು: ಯಾರು ಎಷ್ಟು ಹೊತ್ತಿಗೆ ಏನು ಹೇಳಿದ್ರು, ಕಂಪನಿ ಏನು ಉತ್ತರ ಕೊಡ್ತು. ಕೊನೇಲಿ ಒಂದು ಮುಖ್ಯ ಘಟ್ಟ ಇದೆ, ನಡಾವಳಿಯ ಸಾರಾಂಶಾನ ಸ್ಥಳೀಯ ಭಾಷೇಲಿ ಜನರಿಗೆ ಓದಿ ಹೇಳ್ಬೇಕು, ಒಪ್ಪಿದ ನಡಾವಳಿಗೆ ಜಿಲ್ಲಾಧಿಕಾರಿ ಅಥವಾ ಅವ್ರ ಪ್ರತಿನಿಧಿ ಅವತ್ತೇ ಸಹಿ ಹಾಕ್ಬೇಕು ಅಂತ ನೋಟಿಫಿಕೇಶನ್ನಲ್ಲೇ ಇದೆ. ಜನ ಊಟದ ಹೊತ್ತಾಯ್ತು, ಬಸ್ಸಿನ ಹೊತ್ತಾಯ್ತು ಅಂತ ಹೊರಟು ಹೋಗೋದೇ ಆ ಸಮಯದಲ್ಲಿ. ಕೊನೆವರೆಗೂ ಕೂರಿ ಅಂತ ಮೊದಲೇ ಹೇಳಿ, ಓದಿದ್ದಕ್ಕೂ ನಿಮ್ಮ ನೋಟ್ಸಿಗೂ ವ್ಯತ್ಯಾಸ ಇದ್ರೆ ಅಲ್ಲೇ ಆಕ್ಷೇಪ ಬರೆಸಿ. ಮುಂದೆ ಅಪೀಲ್ ಹಾಕೋ ವಕೀಲರಿಗೆ ಇದಕ್ಕಿಂತ ಬೆಲೆ ಬಾಳೋ ಕಾಗದ ಇನ್ನೊಂದಿಲ್ಲ. ಬಿ2 ವರ್ಗದಂಥ (ಇಐಎ ರಿಪೋರ್ಟೇ ಬೇಡದ) ಕೆಲವು ಯೋಜನೆಗಳಿಗೆ ಹಿಯರಿಂಗೇ ಇರಲ್ಲ, ಅಲ್ಲಿ ಆರ್‌ಟಿಐ ಮುಖ್ಯ ದಾರಿ.

ಆರ್‌ಟಿಐ, ಸ್ಥಳ ಭೇಟಿ, ಸಾಕ್ಷ್ಯ

ಆರ್‌ಟಿಐ ಬಗ್ಗೆ ಎಲ್ರಿಗೂ ಗೊತ್ತು, ಫೀಸ್ 10 ರೂಪಾಯಿ, ಉತ್ತರಕ್ಕೆ 30 ದಿನ, ಮೊದಲ ಅಪೀಲಿಗೆ 30 ದಿನ. ಕರ್ನಾಟಕದ ರೂಲ್ಸಲ್ಲಿ ಒಂದು ಅರ್ಜೀಲಿ ಒಂದೇ ವಿಷಯ, 150 ಪದದೊಳಗೆ ಅಂತಿದೆ, ಉದ್ದ ಬರೆದು ತಿರಸ್ಕಾರ ಮಾಡಿಸ್ಕೋಬೇಡಿ. ಕೇಳ್ಬೇಕಾಗಿರೋದು ಯಾಕೆ ಕ್ರಮ ತಗೊಂಡಿಲ್ಲ ಅಂತ ಅಲ್ಲ, ದಾಖಲೆ: ಕಾರ್ಖಾನೆ ಕಟ್ಟೋಕೆ ಮತ್ತೆ ನಡೆಸೋಕೆ ಮಾಲಿನ್ಯ ಮಂಡಳಿ ಕೊಡೋ ಒಪ್ಪಿಗೆ (ಸಿಎಫ್ಇ, ಸಿಎಫ್ಒ) ಪ್ರತಿ, ಅದರ ಷರತ್ತುಗಳು, ತಪಾಸಣಾ ವರದಿ, ಆರು ತಿಂಗಳಿಗೊಮ್ಮೆ ಕೊಡೋ ಕಂಪ್ಲಯನ್ಸ್ ರಿಪೋರ್ಟು. ಇನ್ನೊಂದು, ಆರ್‌ಟಿಐನಲ್ಲಿ ಕಡತ ಕೂತು ನೋಡೋ ಹಕ್ಕೂ ಇದೆ, ಅರ್ಧ ದಿನ ಕಚೇರೀಲಿ ಫೈಲ್ ತಿರುವಿ ಹಾಕಿದ್ರೆ ನಾಲ್ಕು ಅರ್ಜೀಲಿ ಸಿಗದೇ ಇರೋದು ಸಿಗತ್ತೆ.

ಷರತ್ತುಗಳು ಕೈಗೆ ಬಂದ್ಮೇಲೆ ಒಂದು ಪಟ್ಟಿ ಮಾಡಿ, ಎಡಗಡೆ ಷರತ್ತು, ಬಲಗಡೆ ಸ್ಥಳದಲ್ಲಿ ಕಂಡಿದ್ದು, ಅದಕ್ಕೆ ಆಧಾರ ಯಾವ ಫೋಟೋ, ಯಾವ ತಾರೀಕು. ಧೂಳು ಅಡಗಿಸೋಕೆ ನೀರು ಸಿಂಪಡಿಸ್ಬೇಕು ಅಂತ ಷರತ್ತು ಇದ್ದು ಮೂರು ಬೇರೆ ಬೇರೆ ದಿನದ ಫೋಟೋದಲ್ಲಿ ಒಣ ರಸ್ತೆ ಕಂಡ್ರೆ ಮಂಡಳಿಯ ಪ್ರಾದೇಶಿಕ ಅಧಿಕಾರಿಗೆ ಉತ್ತರ ಕೊಡದೇ ತಪ್ಪಿಸ್ಕೊಳ್ಳೋದು ಕಷ್ಟ ಆಗತ್ತೆ. ಫೋಟೋ ಒರಿಜಿನಲ್ ಫೈಲ್ ತೆಗೆದ ಫೋನಲ್ಲೇ ಇರಲಿ, ವಾಟ್ಸಾಪಲ್ಲಿ ಕಳಿಸಿದ್ದು ಕುಗ್ಗಿರತ್ತೆ, ಒಳಗಿನ ಮಾಹಿತೀನೂ ಹೋಗಿರತ್ತೆ. ಎನ್‌ಜಿಟಿ ಸಾಕ್ಷ್ಯ ಕಾಯ್ದೆಗೆ ಕಟ್ಟುಬಿದ್ದಿಲ್ಲ ನಿಜ, ಆದ್ರೆ ಅದೇ ಫೋಟೋ ನಾಳೆ ಬೇರೆ ಕೋರ್ಟಲ್ಲಿ ಬೇಕಾದ್ರೆ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಸರ್ಟಿಫಿಕೇಟ್ ಕೊಡ್ಬೇಕಾಗತ್ತೆ, ಅದ್ರಲ್ಲಿ ಹ್ಯಾಶ್ ವ್ಯಾಲ್ಯೂ (ಫೈಲ್ ಬದಲಾಗಿಲ್ಲ ಅಂತ ತೋರಿಸೋ ಡಿಜಿಟಲ್ ಗುರುತು) ಕೇಳ್ತಾರೆ.

ಬಾಟಲಿಗೆ ನೀರು ತುಂಬ್ಕೊಂಡು ಬಂದು ಲ್ಯಾಬಿಗೆ ಕೊಟ್ರೆ ನಮ್ಮ ತಿಳುವಳಿಕೆಗೆ ಸರಿ, ಆದ್ರೆ ಜಲ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಮಂಡಳಿಯವ್ರು ಕ್ರಮಬದ್ಧವಾಗಿ ತೆಗೆದ ಸ್ಯಾಂಪಲ್ಲಿಗಿರೋ ತೂಕ ಅದಕ್ಕಿಲ್ಲ, ಹಾಗಾಗಿ ಅಧಿಕಾರಿಗಳೇ ಬಂದು ತೆಗೀರಿ ಅಂತ ಲಿಖಿತ ಮನವಿ ಕೊಡಿ. ಗೇಟ್ ದಾಟಿ ಒಳಗೆ ಹೋಗ್ಬೇಡಿ, ಒಬ್ಬೊಬ್ರೇ ಹೋಗ್ಬೇಡಿ, ಕತ್ತಲಾದ್ಮೇಲೆ ಮರಳು ಲಾರಿ ಓಡೋ ಜಾಗಕ್ಕೆ ಯಾರನ್ನೂ ಕಳಿಸ್ಬೇಡಿ, ಎಷ್ಟೇ ಒಳ್ಳೆ ಸಾಕ್ಷ್ಯ ಸಿಗೋ ಹಾಗಿದ್ರೂ ಬೇಡ. ಹೆಂಗಸರ ಜೊತೆ ಬೇರೆಯಾಗಿ ಕೂತು ಮಾತಾಡಿ, ನೀರಿನ ರುಚಿ ಯಾವಾಗ ಬದಲಾಯ್ತು, ಮಗುವಿಗೆ ಚರ್ಮದ ತೊಂದರೆ ಯಾವಾಗ ಶುರುವಾಯ್ತು ಅಂತ ಅವ್ರಿಗೆ ಗೊತ್ತಿರತ್ತೆ. ಬರ್ಕೊಂಡಿದ್ದನ್ನ ವಾಪಸ್ ಓದಿ ಹೇಳಿ. ಕೇಸ್ ಗೆಲ್ತೀವಿ ಅಂತ ಯಾವ ಸ್ಟೂಡೆಂಟೂ ಬಾಯಿ ಬಿಡ್ಬಾರ್ದು.

ಬ್ಯಾಚ್ ಬದಲಾದಾಗ

ಬಾರ್ ಕೌನ್ಸಿಲ್ ರೂಲ್ಸಲ್ಲಿ ಇಂಟರ್ನ್‌ಶಿಪ್ 3 ವರ್ಷದ ಕೋರ್ಸಿಗೆ ಕನಿಷ್ಠ 12 ವಾರ, 5 ವರ್ಷದ್ದಕ್ಕೆ 20 ವಾರ, ಆದ್ರೆ ಒಂದು ವರ್ಷದಲ್ಲಿ ಸತತ 4 ವಾರಕ್ಕಿಂತ ಜಾಸ್ತಿ ಇಲ್ಲ. ಒಬ್ಬನೇ ಹುಡುಗನ ಮೇಲೆ ಫೈಲ್ ನಿಲ್ಲಿಸೋ ಹಾಗಿಲ್ಲ ಅನ್ನೋದಕ್ಕೆ ಇಷ್ಟು ಸಾಕು. ಪ್ರತಿ ಫೈಲಿಗೂ ಫೈನಲ್ ಇಯರ್ ಒಬ್ರು, ಅವ್ರಿಗಿಂತ ಜೂನಿಯರ್ ಒಬ್ರು ಜೋಡಿ ಹಾಕಿ, ಸೀನಿಯರ್ ಹೋಗೋ ಮುಂಚೆ ಒಂದ್ಸಲ ಇಬ್ರೂ ಒಟ್ಟಿಗೆ ಊರಿಗೆ ಹೋಗಿ ಬರಲಿ, ಇನ್ಮೇಲೆ ಫೋನ್ ಇವ್ರಿಗೆ ಮಾಡಿ ಅಂತ ಎದುರೇ ಹೇಳಿ ಬರಲಿ. ಎಲ್ಲಾ ಕಾಗದದ ಒಂದು ಸೆಟ್ ಊರಲ್ಲೇ ಇರ್ಬೇಕು, ಇನ್ನೊಂದು ವಕೀಲರ ಹತ್ರ, ಮೂರನೇದು ಕಾಲೇಜಲ್ಲಿ.

ಹ್ಯಾಂಡೋವರ್ ನೋಟ್ ಒಂದೇ ಪುಟ ಇರಲಿ: ಬಾಕಿ ಇರೋ ಆರ್‌ಟಿಐಗಳು, ಮುಂದಿನ ಹಿಯರಿಂಗ್ ದಿನ, ಊರವರಿಗೆ ನಾವು ಒಪ್ಕೊಂಡು ಇನ್ನೂ ಮಾಡದೇ ಇರೋ ಕೆಲಸ. ಎನ್‌ಜಿಟಿ ಆದೇಶ ಬಂದಿದ್ರೆ ಅದು ಕೈ ಸೇರಿದ ತಾರೀಕು ಮೊದಲ ಸಾಲಲ್ಲೇ ಬರೀರಿ, ಯಾಕಂದ್ರೆ ಸುಪ್ರೀಂ ಕೋರ್ಟಿಗೆ ಅಪೀಲ್ ಹೋಗೋಕೆ ಎನ್‌ಜಿಟಿ ಆಕ್ಟಿನ 22ನೇ ಸೆಕ್ಷನ್ ಪ್ರಕಾರ 90 ದಿನ, ಅದು ಅವತ್ತಿಂದಾನೇ ಶುರು. ಆದೇಶ ಪರವಾಗಿ ಬಂದಿದ್ರೆ ಅದರ ಷರತ್ತುಗಳನ್ನೂ ಮೇಲೆ ಹೇಳಿದ ಪಟ್ಟಿಗೇ ಸೇರಿಸಿ, ತಿಂಗಳಿಗೊಂದ್ಸಲ ಸ್ಥಳಕ್ಕೆ ಹೋಗಿ ನೋಡೋ ಕೆಲಸ ಹೊಸ ಬ್ಯಾಚಿಗೆ ಕೊಡಿ.